ಎರಡು ಟನ್ ಕಾರು, ಉದ್ದ ಇಳಿಜಾರಿನಲ್ಲಿ ಬ್ರೇಕ್ ಕಾದು ಪೆಡಲ್ ಮೆತ್ತಗಾಗುತ್ತಿದೆ. ಗಾಡಿ ತುಂಬ ಜನರಿದ್ದರು, ನಾಲ್ಕನೇ ಗೇರಿನಲ್ಲಿ ನಿಧಾನವಾಗಿಯೇ ಇಳಿಯುತ್ತಿದ್ದೆ, ಸುಟ್ಟ ವಾಸನೆಯೂ ಬಂತು. ಸೆರಾಮಿಕ್ ಪ್ಯಾಡ್, ತೂತಿನ ಡಿಸ್ಕ್ ಹಾಕಿಸಲೇ?

ಬೇಡ. ಗಾಡಿ ತುಂಬ ಜನ, ಸುಟ್ಟ ವಾಸನೆ, ಕೊನೆಗೆ ಮೆತ್ತಗಾದ ಪೆಡಲ್: ಈ ಸರಣಿ ನನಗೆ ತೀರಾ ಪರಿಚಿತ. ತಪ್ಪು ಪ್ಯಾಡಿನದಲ್ಲ. ‘ನಾಲ್ಕನೇ ಗೇರಿನಲ್ಲಿ ನಿಧಾನವಾಗಿಯೇ ಇಳಿಯುತ್ತಿದ್ದೆ’ ಎಂದು ಬರೆದಿದ್ದೀರಲ್ಲ, ಎಡವಟ್ಟು ಅಲ್ಲೇ ಇದೆ.

ಲೆಕ್ಕ ನೋಡಿ. 2,000 ಕೆಜಿ ಗಾಡಿ 500 ಮೀಟರ್ ಎತ್ತರ ಇಳಿದರೆ ಸುಮಾರು 9.8 ಮೆಗಾಜೂಲ್ ಶಕ್ತಿ ಎಲ್ಲಾದರೂ ಕರಗಲೇಬೇಕು. ನಾಲ್ಕು ಡಿಸ್ಕ್ ಸೇರಿ 40 ಕೆಜಿ ಬೀಡುಕಬ್ಬಿಣ ಎಂದಿಟ್ಟುಕೊಳ್ಳಿ. ಎಲ್ಲವೂ ಅದರಲ್ಲೇ ಇಳಿದು, ಗಾಳಿಗೆ ಒಂದಿಷ್ಟೂ ಆರದಿದ್ದರೆ ಬಿಸಿ 500 ಡಿಗ್ರಿಯಷ್ಟು ಏರುತ್ತದೆ. ಟೈರು, ಗಾಳಿ ಒಂದು ಪಾಲು ತಿನ್ನುತ್ತವೆ, ನಿಜ. ಮಿಕ್ಕ ಹೊರೆಗೆ ಹೆಗಲು ಕೊಡಬೇಕಾದ್ದು ಎಂಜಿನ್. ನಾಲ್ಕನೇ ಗೇರಿನಲ್ಲಿ ಅದು ಕೈಕಟ್ಟಿ ಕೂತಿರುತ್ತದೆ. ಎರಡಕ್ಕೆ ಇಳಿಸಿ, 3,000–4,000 ಆರ್‌ಪಿಎಂನಲ್ಲಿ ಕಿರುಚಲಿ ಬಿಡಿ. ಕೆಂಪು ಗೆರೆ ಮುಟ್ಟದಿದ್ದರೆ ಎಂಜಿನ್‌ಗೆ ಏನೂ ಆಗದು. ಆಕ್ಸಿಲರೇಟರ್ ಬಿಟ್ಟಾಗ ಈಗಿನ ಎಂಜಿನ್‌ಗಳು ಇಂಧನವನ್ನೇ ಕತ್ತರಿಸುತ್ತವೆ. ಇಂಧನ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕುವ ಮಾತೇ ಬೇಡ.

ಗೇರ್ ಇಳಿಸಬೇಕಾದ್ದು ಇಳಿಜಾರು ಶುರುವಾಗುವ ಮೊದಲು. ವೇಗ ಏರಿದ ಮೇಲೆ ಇಳಿಸಲು ಹೋದರೆ ಎಂಜಿನ್ ಮಿತಿ ಮೀರಿ ತಿರುಗುತ್ತದೆ, ಆಟೋಮ್ಯಾಟಿಕ್ ಆದರೆ ಒಪ್ಪುವುದೇ ಇಲ್ಲ. ವೇಗವೂ ಮುಖ್ಯ: 8% ಇಳಿಜಾರಿನಲ್ಲಿ ಈ ಗಾಡಿಯ ತೂಕ ಗಂಟೆಗೆ 40 ಕಿಮೀ ವೇಗದಲ್ಲಿ 17 ಕಿಲೋವ್ಯಾಟ್ ಹೊರೆ ಹಾಕಿದರೆ, 60ರಲ್ಲಿ ಅದು 26. ‘ಬಿಟ್ಟು ಬಿಟ್ಟು ಒತ್ತಿದರೆ ಬಿಸಿಯಾಗದು’ ಎಂಬ ಸಲಹೆ ಅರ್ಧಸತ್ಯ. ಗೇರೂ ಸರಾಸರಿ ವೇಗವೂ ಅದೇ ಇದ್ದರೆ ಒಟ್ಟು ಶಾಖವೂ ಹೆಚ್ಚುಕಮ್ಮಿ ಅದೇ. ಸರಿಯಾದ ಗೇರಿನಲ್ಲಿ ಇದ್ದುಕೊಂಡು, ವೇಗ ಏರಿದಾಗ ಗಟ್ಟಿಯಾಗಿ ಒತ್ತಿ ಎಂಟು ಹತ್ತು ಕಿಮೀ ಇಳಿಸಿ, ಪೂರ್ತಿ ಕಾಲು ತೆಗೆಯಿರಿ.

ಇನ್ನು ಮೆತ್ತಗಾದ ಪೆಡಲ್. ಪ್ಯಾಡ್ ಕಾದು ಹಿಡಿತ ಬಿಟ್ಟಿದ್ದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಪೆಡಲ್ ಕೆಳಗೆ ಹೋಗುತ್ತಿದೆಯೆಂದರೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನೊಳಗೆ ಬ್ರೇಕ್ ಆಯಿಲ್ ಕುದ್ದು ಆವಿಯಾಗಿದೆ ಎಂದೇ ನನ್ನ ಅನುಮಾನ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ. ತೇವ ಹೀರಿ 3.7% ನೀರು ಸೇರಿದ ಮೇಲೆ ಆ ಮಿತಿ 155. ಹಾಗಾಗಿ ದುಡ್ಡು ಹಾಕುವುದಿದ್ದರೆ ಆಯಿಲ್‌ಗೆ ಹಾಕಿ: ಎರಡು ವರ್ಷಕ್ಕೊಮ್ಮೆ, ನಾಲ್ಕೂ ಚಕ್ರಗಳಿಂದ ಹಳೆಯದನ್ನು ಪೂರ್ತಿ ಹರಿಸಿ. ಸಿಲಿಕೋನ್‌ನ ಡಾಟ್ 5 ಮಾತ್ರ ಬೆರೆಸಬೇಡಿ. ತೂತಿನ ಡಿಸ್ಕಂತೂ ನನಗೆ ಇಷ್ಟವೇ ಇಲ್ಲ, ಬಿರುಕು ಶುರುವಾಗುವುದೇ ಆ ತೂತುಗಳ ಅಂಚಿನಲ್ಲಿ.

ದಾರಿಯಲ್ಲೇ ಪೆಡಲ್ ಇಳಿದರೆ ಪಂಪ್ ಮಾಡಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆಯಿರಿ. ನಿಂತ ಮೇಲೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಸೀಳುತ್ತದೆ. ಅರ್ಧ ಗಂಟೆಯಾದರೂ ಆರಲಿ. ಪೆಡಲ್ ಮತ್ತೆ ಗಟ್ಟಿಯಾದರೂ ಆ ಆಯಿಲ್ ಬದಲಿಸದೆ ಇನ್ನೊಂದು ಘಾಟಿ ಇಳಿಯಬೇಡಿ.