ಸಹಿ ಆದ ಮೇಲೆ ಏನು ನಡೆಯಬೇಕು?

ಬಿಸಿನೆಸ್ ಸ್ಕೂಲ್‌ಗಳ ಪಾಲುದಾರಿಕೆ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ, ಸಣ್ಣ ಮ್ಯಾನೇಜ್‌ಮೆಂಟ್ ಕಾಲೇಜೊಂದರಲ್ಲಿ ಪಾಠ ಮಾಡುವ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಇಷ್ಟು: "ನಮ್ಮ ಕಾಲೇಜು ಹೊರದೇಶದ ಹಲವು ವಿಶ್ವವಿದ್ಯಾಲಯಗಳ ಜೊತೆ ಒಪ್ಪಂದ ಮಾಡಿಕೊಂಡಿದೆ. ಸಹಿ ಹಾಕುವ ಫೋಟೊಗಳು ಗೋಡೆ ತುಂಬಾ ಇವೆ. ತರಗತಿಯಲ್ಲಿ ಮಾತ್ರ ಏನೂ ಬದಲಾಗಿಲ್ಲ. ಶಕ್ತಿ ಇರುವ ಕೆಲವು ಮಕ್ಕಳು ಹಣ ಕಟ್ಟಿ ಎರಡು ವಾರ ಹೋಗಿ ಬರುತ್ತಾರೆ. ಪಕ್ಕದ ಕಟ್ಟಡದ ಎಂಜಿನಿಯರಿಂಗ್ ವಿಭಾಗದ ಜೊತೆಗೇ ನಮಗೆ ಮಾತುಕತೆ ಇಲ್ಲ. ಇದೆಲ್ಲ ದೊಡ್ಡ ಶಾಲೆಗಳಿಗೆ ಮಾತ್ರ ಸಾಧ್ಯವೇ? ದುಡ್ಡಿಲ್ಲದವರು ಏನು ಮಾಡಬೇಕು?"

ಮಾನ್ಯರೇ,

ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ. ಹೊರದೇಶದ ಒಪ್ಪಂದ ಕಾಗದದಲ್ಲೇ ಉಳಿದಿದೆ ಅನ್ನುವುದು ಒಂದು. ಪಕ್ಕದ ವಿಭಾಗದ ಜೊತೆ ಮಾತಿಲ್ಲ ಅನ್ನುವುದು ಇನ್ನೊಂದು. ನನಗನಿಸುವಂತೆ ಎರಡಕ್ಕೂ ಕಾರಣ ಒಂದೇ. ಎರಡು ಕಡೆಯವರು ಸೇರಿಯೇ ಬಿಡಿಸಬೇಕಾದ ಪ್ರಶ್ನೆ ಯಾವುದೂ ನಿಮ್ಮ ತರಗತಿಯಲ್ಲಿ ಇನ್ನೂ ಎದ್ದಿಲ್ಲ. ಅಂಥ ಪ್ರಶ್ನೆ ಇಲ್ಲದಿದ್ದರೆ ಸಹಿ ಹಾಕಿದವರಿಗೂ ಮುಂದೇನು ಮಾಡಬೇಕು ಅಂತ ತೋಚುವುದಿಲ್ಲ.

ಯಾವುದೇ ಪಾಲುದಾರಿಕೆಯ ಸುದ್ದಿ ಬಂದಾಗ ನಾನು ಮೊದಲು ಕೇಳುವುದು ಹೀಗೆ: ಎರಡು ಕಡೆಯ ವಿದ್ಯಾರ್ಥಿಗಳು ಒಂದೇ ಕೆಲಸ ಮಾಡುತ್ತಾರಾ? ಅದನ್ನು ಎರಡೂ ಕಡೆಯ ಅಧ್ಯಾಪಕರು ಸೇರಿ ನೋಡಿ ಅಂಕ ಕೊಡುತ್ತಾರಾ? ಈ ಎರಡಕ್ಕೆ ಹೌದು ಅಂತ ಉತ್ತರ ಬಂದರೆ ಉಳಿದದ್ದನ್ನು ಸರಿಮಾಡಿಕೊಳ್ಳಬಹುದು.

ಅಮೆರಿಕದ ಎಂಐಟಿಯಲ್ಲಿ 1988ರಲ್ಲಿ ಶುರುವಾದ ಒಂದು ಕಾರ್ಯಕ್ರಮ ನೋಡಿ. ಆಗ ಜಪಾನಿನ ಕಾರ್ಖಾನೆಗಳ ಮುಂದೆ ಅಮೆರಿಕದ ಕಾರ್ಖಾನೆಗಳು ಸೋಲುತ್ತಿದ್ದವು. ಯಂತ್ರ ಗೊತ್ತಿದ್ದವರಿಗೆ ವ್ಯವಹಾರ ಗೊತ್ತಿಲ್ಲ, ವ್ಯವಹಾರ ಗೊತ್ತಿದ್ದವರಿಗೆ ಯಂತ್ರ ಗೊತ್ತಿಲ್ಲ ಅನ್ನುವ ಕೊರಗು ಇತ್ತು. ಎಂಐಟಿಯದೇ ಸ್ಲೋನ್ ಬಿಸಿನೆಸ್ ಸ್ಕೂಲ್ ಮತ್ತು ಎಂಜಿನಿಯರಿಂಗ್ ಶಾಲೆ ಸೇರಿ ಎರಡು ವರ್ಷದ ಓದು ಕಟ್ಟಿದವು. ಇವತ್ತು ಅದರ ಹೆಸರು 'ಲೀಡರ್ಸ್ ಫಾರ್ ಗ್ಲೋಬಲ್ ಆಪರೇಷನ್ಸ್'. ಓದು ಮುಗಿದಾಗ ಎಂಬಿಎ ಮತ್ತು ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ ಎರಡೂ ಸಿಗುತ್ತವೆ. ನಡುವೆ ಸುಮಾರು ಆರು ತಿಂಗಳು ಕಂಪನಿಯಲ್ಲಿ ಕೆಲಸ. ಅದರ ಮೇಲೆ ಬರೆಯುವ ಒಂದೇ ಪ್ರಬಂಧಕ್ಕೆ ಎಂಜಿನಿಯರಿಂಗ್ ಕಡೆಯಿಂದ ಒಬ್ಬರು, ಮ್ಯಾನೇಜ್‌ಮೆಂಟ್ ಕಡೆಯಿಂದ ಒಬ್ಬರು ಮಾರ್ಗದರ್ಶಕರು. ವಿದ್ಯಾರ್ಥಿ ಬರೆದ ಪ್ರತಿ ಅಧ್ಯಾಯವನ್ನೂ ಇಬ್ಬರು ಓದಲೇಬೇಕು. ಒಬ್ಬರಿಗೆ ಸರಿ ಕಂಡದ್ದು ಇನ್ನೊಬ್ಬರಿಗೆ ಸರಿ ಕಾಣದಿದ್ದರೆ ಅವರು ಮಾತಾಡಲೇಬೇಕು, ಅಲ್ವಾ? ನನ್ನ ದೃಷ್ಟಿಯಲ್ಲಿ ಆ ಕಾರ್ಯಕ್ರಮದ ಬಲ ಅಲ್ಲಿದೆ.

ಗಡಿ ದಾಟುವ ಕಡೆಗೂ ಅದೇ ವರ್ಷದ ಉದಾಹರಣೆ ಇದೆ. 1988ರಲ್ಲಿ ಪ್ಯಾರಿಸ್‌ನ ಎಚ್‌ಇಸಿ, ಮಿಲಾನ್‌ನ ಬೊಕ್ಕೋನಿ, ಬಾರ್ಸಿಲೋನಾದ ಎಸಾಡೆ ಮತ್ತು ಜರ್ಮನಿಯ ಕಲೋನ್ ವಿಶ್ವವಿದ್ಯಾಲಯ ಸೇರಿ ಸೆಮ್ಸ್ ಅನ್ನುವ ಕೂಟ ಕಟ್ಟಿದವು. ಈಗ ಅದರಲ್ಲಿ 30ಕ್ಕೂ ಹೆಚ್ಚು ಶಾಲೆಗಳಿವೆ. ಸೇರಿದ ವಿದ್ಯಾರ್ಥಿ ಒಂದು ಅವಧಿಯನ್ನು ಬೇರೆ ದೇಶದ ಪಾಲುದಾರ ಶಾಲೆಯಲ್ಲಿ ಓದಲೇಬೇಕು. ಕಂಪನಿಯೊಂದರ ನಿಜವಾದ ಸಮಸ್ಯೆ ಹಿಡಿದು, ಬೇರೆ ಬೇರೆ ದೇಶದವರ ತಂಡದಲ್ಲಿ ಕೆಲಸ ಮಾಡಬೇಕು. ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ವ್ಯವಹರಿಸುವುದನ್ನು ಕಲಿಯಬೇಕು. ಇದು ಪ್ರವಾಸವಲ್ಲ. ಪದವಿಯ ಒಳಗೇ ಹೆಣೆದುಕೊಂಡ ಕೆಲಸ.

ಹಾಗಾದರೆ ಬೇರೆ ಕಡೆ ಯಾಕೆ ಆಗುವುದಿಲ್ಲ? ವಿಭಾಗಗಳ ನಡುವಿನ ಗೋಡೆಗೆ ಒಂದು ಇತಿಹಾಸ ಇದೆ. 1959ರಲ್ಲಿ ಅಮೆರಿಕದಲ್ಲಿ ಫೋರ್ಡ್ ಫೌಂಡೇಶನ್ ಮತ್ತು ಕಾರ್ನೆಗಿ ಸಂಸ್ಥೆ ಬಿಸಿನೆಸ್ ಶಿಕ್ಷಣದ ಬಗ್ಗೆ ಬೇರೆ ಬೇರೆ ವರದಿ ಪ್ರಕಟಿಸಿದವು. ಬಿಸಿನೆಸ್ ಸ್ಕೂಲ್‌ಗಳ ಪಾಠ ತೀರಾ ಮೇಲುಮೇಲಿನದು, ಅರ್ಥಶಾಸ್ತ್ರ, ಗಣಿತ, ಮನೋವಿಜ್ಞಾನದಂಥ ಗಟ್ಟಿ ವಿಷಯಗಳನ್ನು ತನ್ನಿ ಅಂತ ಎರಡೂ ಹೇಳಿದವು. ಉದ್ದೇಶ ಒಳ್ಳೆಯದೇ. ಹಲವು ಶಾಸ್ತ್ರಗಳು ಒಂದೇ ಸೂರಿನಡಿ ಬಂದವು. ಆದರೆ ಪ್ರತಿ ಶಾಸ್ತ್ರವೂ ತನ್ನದೇ ವಿಭಾಗ, ತನ್ನದೇ ಸಂಶೋಧನಾ ಪತ್ರಿಕೆ, ತನ್ನದೇ ಬಡ್ತಿಯ ನಿಯಮ ಮಾಡಿಕೊಂಡಿತು. ಹಣಕಾಸಿನ ಅಧ್ಯಾಪಕರಿಗೆ ಹಣಕಾಸಿನ ಪತ್ರಿಕೆಯಲ್ಲಿ ಬರೆದರೆ ಬಡ್ತಿ. ಎಂಜಿನಿಯರ್ ಜೊತೆ ಸೇರಿ ಹೊಸ ಕೋರ್ಸ್ ಕಟ್ಟಿದರೆ ಲೆಕ್ಕಕ್ಕೆ ಬರುವುದು ಕಷ್ಟ. ನಿಮ್ಮ ಸಹೋದ್ಯೋಗಿಗಳು ಪಕ್ಕದ ಕಟ್ಟಡಕ್ಕೆ ಹೋಗದಿರುವುದು ಸೋಮಾರಿತನದಿಂದ ಅಂತ ನಾನು ನಂಬುವುದಿಲ್ಲ. ಆ ಕೆಲಸಕ್ಕೆ ಯಾರೂ ಸಮಯ ಕೊಟ್ಟಿಲ್ಲ, ಬೆಲೆಯೂ ಕಟ್ಟಿಲ್ಲ.

ಹೊರದೇಶದ ಸಹಿಗಳ ವಿಷಯ ಇದಕ್ಕೆ ತಿರುಗುಮುರುಗು. ಅಲ್ಲಿ ಬೆಲೆ ಸಿಗುವುದು ಸಹಿಗೇ. ಬಿಸಿನೆಸ್ ಸ್ಕೂಲ್‌ಗಳಿಗೆ ಇಕ್ವಿಸ್‌ನಂಥ ಅಂತಾರಾಷ್ಟ್ರೀಯ ಮಾನ್ಯತೆ ಕೊಡುವಾಗ ಶಾಲೆ ಎಷ್ಟು ಅಂತಾರಾಷ್ಟ್ರೀಯವಾಗಿದೆ ಅಂತ ನೋಡುತ್ತಾರೆ. ಪತ್ರಿಕೆಗಳ ರ‍್ಯಾಂಕಿಂಗ್‌ನಲ್ಲಿ ಹೊರದೇಶದ ವಿದ್ಯಾರ್ಥಿಗಳು, ಅಧ್ಯಾಪಕರು ಎಷ್ಟು ಅನ್ನುವುದಕ್ಕೂ ಅಂಕ ಇದೆ. ಹಾಗಾಗಿ ಒಪ್ಪಂದಗಳ ಪಟ್ಟಿ ಉದ್ದವಾಗುತ್ತಾ ಹೋಗುತ್ತದೆ. ಪಟ್ಟಿ ಮಾಡುವ ಆಡಳಿತದ ಮೇಲೆ ಸುಮ್ನೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಪಟ್ಟಿಯಲ್ಲಿರುವ ಒಂದೇ ಒಂದು ಹೆಸರನ್ನು ಆರಿಸಿ, ಅಲ್ಲಿ ಪಾಠ ಮಾಡುವ ಒಬ್ಬರಿಗೆ ನೀವೇ ಪತ್ರ ಬರೆಯಿರಿ. ಒಪ್ಪಂದ ಇರುವುದರಿಂದ ಅನುಮತಿಯ ಓಡಾಟ ಅಷ್ಟರಮಟ್ಟಿಗೆ ಕಡಿಮೆ.

ಇನ್ನು ದುಡ್ಡಿನ ಮಾತು. ಹೊರದೇಶದ ತರಗತಿಯ ಜೊತೆ ಸೇರಿ ಕಲಿಯಲು ವಿಮಾನ ಹತ್ತಲೇಬೇಕು ಅಂತಿಲ್ಲ. ನ್ಯೂಯಾರ್ಕ್ ರಾಜ್ಯದ ವಿಶ್ವವಿದ್ಯಾಲಯ 2006ರಲ್ಲೇ ಇದಕ್ಕೊಂದು ಕೇಂದ್ರ ತೆರೆಯಿತು. ಆ ವಿಧಾನಕ್ಕೆ 'ಕಾಯಿಲ್' ಅನ್ನುತ್ತಾರೆ. ಎರಡು ದೇಶದ ಇಬ್ಬರು ಅಧ್ಯಾಪಕರು ಈಗಾಗಲೇ ನಡೆಯುತ್ತಿರುವ ತಮ್ಮ ಕೋರ್ಸ್‌ಗಳಲ್ಲಿ ಕೆಲವು ವಾರಗಳನ್ನು ಜೋಡಿಸುತ್ತಾರೆ. ಆ ವಾರಗಳಲ್ಲಿ ಮಕ್ಕಳು ಮಿಶ್ರ ತಂಡಗಳಲ್ಲಿ ಆನ್‌ಲೈನ್ ಕೆಲಸ ಮಾಡುತ್ತಾರೆ. ಹೊಸ ಪದವಿ ಬೇಡ, ಹೊಸ ಕಟ್ಟಡ ಬೇಡ. 2010ರಲ್ಲಿ ಶುರುವಾದ ಎಕ್ಸ್-ಕಲ್ಚರ್ ಅನ್ನುವ ಯೋಜನೆಯೂ ಇದೆ. ಹಲವು ದೇಶಗಳ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳನ್ನು ಸಣ್ಣ ತಂಡಗಳಾಗಿ ಸೇರಿಸಿ, ಕಂಪನಿಗಳ ನಿಜವಾದ ಸವಾಲುಗಳನ್ನು ಕೊಡುತ್ತಾರೆ. ದೊಡ್ಡ ಶಾಲೆಗಳಿಗೆ ಮಾತ್ರವೇ ಅಂತ ಕೇಳಿದ್ದಿರಿ. ಅಲ್ಲ. ದುಡ್ಡಿಗಿಂತ ಜಾಸ್ತಿ ಬೇಕಾಗುವುದು ಇಬ್ಬರು ಅಧ್ಯಾಪಕರ ಸಮಯ.

ಪ್ರಶ್ನೆ ಎಲ್ಲಿಂದ ತರುವುದು ಅಂದರೆ, ಒಂದು ಸಲಹೆ ಕೊಡುತ್ತೇನೆ. ಯುರೋಪಿಯನ್ ಒಕ್ಕೂಟ ಹೊರಗಿನಿಂದ ಬರುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ, ಹೈಡ್ರೋಜನ್, ವಿದ್ಯುತ್ತಿನ ಮೇಲೆ ಗಡಿ ಇಂಗಾಲ ಶುಲ್ಕದ, ಅಂದರೆ ಆ ಸರಕು ತಯಾರಾಗುವಾಗ ಹೊರಬಿದ್ದ ಇಂಗಾಲಕ್ಕೆ ತಕ್ಕ ಶುಲ್ಕದ, ವ್ಯವಸ್ಥೆ ತಂದಿದೆ. 2023ರ ಅಕ್ಟೋಬರ್‌ನಿಂದ ವರದಿ ಕೊಡುವ ಹಂತ ನಡೆಯಿತು. 2026ರ ಜನವರಿಯಿಂದ ಹಣದ ಹೊಣೆಯೂ ಸೇರಿತು. ಈಗ ಒಂದು ಟನ್ ಉಕ್ಕು ತಯಾರಾಗುವಾಗ ಎಷ್ಟು ಇಂಗಾಲ ಹೊರಬಂತು ಅಂತ ಯಾರು ಅಳೆಯಬೇಕು? ಅದು ಎಂಜಿನಿಯರ್ ಕೆಲಸ. ಅದನ್ನು ಖರ್ಚಿನ ಲೆಕ್ಕಕ್ಕೆ ಹೇಗೆ ಸೇರಿಸಬೇಕು? ಅದು ಲೆಕ್ಕಪತ್ರದವರ ಕೆಲಸ. ಅಳತೆ ತಪ್ಪಾದರೆ ಮಾರಿದವರ ಹೊಣೆಯೋ, ಕೊಂಡವರದೋ? ಕಾನೂನು ಓದುವವರನ್ನು ಕರೆಯಬೇಕು. ಬೆಲೆ ಏರಿಸಬೇಕೋ, ಕುಲುಮೆ ಬದಲಿಸಬೇಕೋ, ಬೇರೆ ಮಾರುಕಟ್ಟೆ ಹುಡುಕಬೇಕೋ? ಅಲ್ಲಿ ನಿಮ್ಮ ಮಕ್ಕಳು ಬರುತ್ತಾರೆ. ಶುಲ್ಕ ಕಟ್ಟುವ ಆಮದುದಾರ ಯುರೋಪಿನಲ್ಲಿ, ಅಳತೆ ಕೊಡಬೇಕಾದ ತಯಾರಕ ಇನ್ನೊಂದು ದೇಶದಲ್ಲಿ. ಅಂದಮೇಲೆ ಎರಡು ದೇಶದ ವಿದ್ಯಾರ್ಥಿಗಳನ್ನು ಮೇಜಿನ ಎರಡು ಬದಿಯಲ್ಲಿ ಕೂರಿಸುವುದಕ್ಕೆ ಬೇರೆ ನೆಪ ಬೇಕಿಲ್ಲ. ಈ ಒಂದು ಪ್ರಶ್ನೆ ನಿಮ್ಮನ್ನು ಪಕ್ಕದ ಕಟ್ಟಡಕ್ಕೂ ಕರೆದೊಯ್ಯುತ್ತದೆ, ಸಮುದ್ರದಾಚೆಗೂ.

ಪ್ರಶ್ನೆಯನ್ನು ಮೊದಲೇ ಕೊಟ್ಟುಬಿಡುವುದು ಬೇಡ ಅನಿಸಿದರೆ ವೈದ್ಯಕೀಯ ಉಪಕರಣ ರೂಪಿಸುವುದನ್ನು ಕಲಿಸುವ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಯೋಡಿಸೈನ್ ಕಾರ್ಯಕ್ರಮದ ದಾರಿ ಇದೆ. ಅಲ್ಲಿ ವೈದ್ಯರು, ಎಂಜಿನಿಯರ್‌ಗಳು, ವ್ಯವಹಾರ ಓದಿದವರು ಒಂದು ತಂಡ. ಅವರು ಮೊದಲು ಆಸ್ಪತ್ರೆಯಲ್ಲಿ ನಿಂತು ನೋಡುತ್ತಾರೆ. ಯಾವ ತೊಂದರೆಗೆ ಉಪಾಯ ಬೇಕು ಅಂತ ತಂಡವಾಗಿ ಒಪ್ಪಿದ ಮೇಲೆಯೇ ಉಪಕರಣದ ಮಾತು. ಒಟ್ಟಿಗೆ ನೋಡುವುದೇ ಅರ್ಧ ಪಾಠ ಅಂತ ನನಗೆ ಅನಿಸುತ್ತದೆ.

ತೊಂದರೆಗಳನ್ನೂ ಹೇಳಿಬಿಡಬೇಕು. ಮೊದಲನೆಯದು ಕ್ಯಾಲೆಂಡರ್. ಜರ್ಮನಿಯಲ್ಲಿ ಚಳಿಗಾಲದ ತರಗತಿಗಳು ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ. ಅಮೆರಿಕದಲ್ಲಿ ಡಿಸೆಂಬರ್‌ಗೆ ಅವಧಿ ಮುಗಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಹೊಸ ವರ್ಷದ ಓದು ಶುರುವಾಗುವುದೇ ಫೆಬ್ರವರಿ, ಮಾರ್ಚ್‌ನಲ್ಲಿ. ಎರಡು ಕಡೆಯ ತರಗತಿ ನಿಜವಾಗಿ ಒಟ್ಟಿಗೆ ನಡೆಯುವ ವಾರಗಳು ಯಾವುವು ಅಂತ ಮೊದಲು ಗುರುತು ಹಾಕಿ. ಓದಿನ ಪ್ರಮಾಣ ಅಳೆಯುವ ಕ್ರೆಡಿಟ್ ಲೆಕ್ಕವೂ ಬೇರೆ. ಯುರೋಪಿನ ಪದ್ಧತಿಯಲ್ಲಿ ಒಂದು ವರ್ಷದ ಪೂರ್ಣ ಓದು ಅಂದರೆ 60 ಕ್ರೆಡಿಟ್. ಅಮೆರಿಕದ ಪದವಿ ತರಗತಿಗಳಲ್ಲಿ ಅದೇ ಒಂದು ವರ್ಷಕ್ಕೆ ಸಾಮಾನ್ಯವಾಗಿ 30. ಇದನ್ನು ಮೊದಲೇ ಬರೆದು ಒಪ್ಪಿಕೊಳ್ಳದಿದ್ದರೆ ಕೊನೆಗೆ ಕಷ್ಟ ಪಡುವುದು ವಿದ್ಯಾರ್ಥಿ.

ಹೊತ್ತಿನ ವಿಷಯದಲ್ಲೂ ನ್ಯಾಯ ಬೇಕು. ಸಾವೊ ಪಾಲೊ ಮತ್ತು ಸಿಂಗಪುರದ ನಡುವೆ 11 ಗಂಟೆ ಅಂತರ. ಪ್ರತಿ ಸಲವೂ ಒಂದೇ ಕಡೆಯವರು ರಾತ್ರಿ ಎದ್ದು ಕೂರುವ ಹಾಗೆ ಮಾಡಬೇಡಿ.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮಾತಿನ ಅಸಮಾನತೆ. ಮಿಶ್ರ ತಂಡದಲ್ಲಿ ಇಂಗ್ಲಿಷ್ ಸಲೀಸಾಗಿ ಬರುವವರು ಬೇಗ ಮಾತಾಡಿ ದಿಕ್ಕು ತೀರ್ಮಾನಿಸಿಬಿಡುತ್ತಾರೆ. ಒಳ್ಳೆಯ ಯೋಚನೆ ಇರುವ ಹುಡುಗಿ ವಾಕ್ಯ ಜೋಡಿಸುವಷ್ಟರಲ್ಲಿ ಸಭೆ ಮುಗಿದಿರುತ್ತದೆ. ಬೇರೆ ವಿಭಾಗದವರು ಸೇರಿದಾಗಲೂ ಹೀಗೇ ಆಗುತ್ತದೆ. ಮ್ಯಾನೇಜ್‌ಮೆಂಟ್‌ನವರು ಸ್ಲೈಡ್ ಮಾಡುತ್ತಾರೆ, ಎಂಜಿನಿಯರ್ ಮಕ್ಕಳು ಮೂಲೆಯಲ್ಲಿ ಲೆಕ್ಕ ಮಾಡಿಕೊಡುತ್ತಾರೆ, ಹೆಸರು ಮೊದಲಿನವರಿಗೆ. ಇದನ್ನು ಹಾಗೇ ಬಿಟ್ಟರೆ ನಮ್ಮ ಮಕ್ಕಳು ಕಲಿಯುವುದು ತಪ್ಪು ಪಾಠ. ಸಭೆಗೆ ಮುಂಚೆ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯ ಬರೆದು ಹಾಕಲಿ. ಅದನ್ನು ಓದಿದ ಮೇಲೆ ಚರ್ಚೆ ಶುರುವಾಗಲಿ. ತಂಡದವರು ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಂಕ ಕೊಡುವ ವ್ಯವಸ್ಥೆಯೂ ಇರಲಿ. ಕೊನೆಯ ಮಂಡನೆಯಲ್ಲಿ ಎಂಜಿನಿಯರ್ ಬೆಲೆಯ ಬಗ್ಗೆ, ಮ್ಯಾನೇಜ್‌ಮೆಂಟ್ ವಿದ್ಯಾರ್ಥಿ ಕುಲುಮೆಯ ಬಗ್ಗೆ ಮಾತಾಡಲಿ. ಯಾರು ಯಾರಿಂದ ಎಷ್ಟು ಕಲಿತರು ಅಂತ ಆಗ ಗೊತ್ತಾಗುತ್ತದೆ.

ನಿಮ್ಮ ಆಡಳಿತಕ್ಕೆ ದೊಡ್ಡ ಯೋಜನೆ ಬೇಕೇ ಬೇಕು ಅನಿಸಬಹುದು. ಅವರಿಗೆ ಫಿನ್‌ಲೆಂಡಿನ ಕಥೆ ಹೇಳಿ. ಹೆಲ್ಸಿಂಕಿಯ ವಾಣಿಜ್ಯ, ತಂತ್ರಜ್ಞಾನ ಮತ್ತು ಕಲಾ ವಿಶ್ವವಿದ್ಯಾಲಯಗಳು ಸೇರಿ 2010ರಲ್ಲಿ ಆಲ್ಟೊ ವಿಶ್ವವಿದ್ಯಾಲಯ ಆಯಿತು. ಆದರೆ ಆ ಮೂವರೂ ಸೇರಿ ವಿನ್ಯಾಸ ಮತ್ತು ವ್ಯವಹಾರದ ಜಂಟಿ ಕಾರ್ಯಕ್ರಮ ನಡೆಸಲು ಶುರು ಮಾಡಿದ್ದು 1995ರಲ್ಲಿ. ಒಟ್ಟಿಗೆ ಪಾಠ ಮಾಡಿದ ಅನುಭವ ಮೊದಲು, ವಿಲೀನ ಆಮೇಲೆ.

ಒಪ್ಪಂದ ಮುಗಿಯುವ ಬಗೆಯನ್ನೂ ಬರೆದಿಡಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಮತ್ತು ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯ ಸೇರಿ ನಡೆಸಿದ ಕಾಲೇಜು ಬಿಸಿನೆಸ್ ಸ್ಕೂಲ್ ಅಲ್ಲ, ಆದರೆ ಪಾಠ ಎಲ್ಲರಿಗೂ ಇದೆ. ಅದನ್ನು ಮುಚ್ಚುವ ನಿರ್ಧಾರ 2021ರಲ್ಲಿ ಹೊರಬಿತ್ತು. ಆಗಲೇ ಸೇರಿದ್ದ ವಿದ್ಯಾರ್ಥಿಗಳ ಓದು ಮುಗಿಯುವವರೆಗೆ, ಅಂದರೆ 2025ರವರೆಗೆ, ಕಾಲೇಜು ನಡೆಯಿತು. ಪಾಲುದಾರರು ಬೇರೆಯಾದರೂ ಮಕ್ಕಳು ಬೀದಿಗೆ ಬೀಳಬಾರದು.

ಎರಡು ವಾರದ ಪ್ರವಾಸವನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಜಂಟಿ ಕೆಲಸ ಮೊದಲು ಆನ್‌ಲೈನ್‌ನಲ್ಲಿ ನಡೆಯಲಿ. ಪ್ರವಾಸ ಅದರ ಕೊನೆಗೆ ಬರಲಿ. ಹೋಗಲು ಹಣವಿಲ್ಲದವರೂ ಅದೇ ತಂಡದಲ್ಲಿ ಅದೇ ಅಂಕಕ್ಕೆ ಕೆಲಸ ಮಾಡುವಂತಿರಲಿ. ಇಲ್ಲದಿದ್ದರೆ ಜಗತ್ತು ನೋಡುವ ಅವಕಾಶ ಹಣ ಇದ್ದವರ ಪಾಲಾಗುತ್ತದೆ. ನಿಮ್ಮ ಪತ್ರ ಓದುವಾಗ ನನಗೆ ಹೆಚ್ಚು ಸಂಕಟವಾದದ್ದು ಅಲ್ಲೇ.

ಮುಂದಿನ ಅವಧಿಗೆ ಒಂದು ಕೋರ್ಸ್, ಪಕ್ಕದ ಕಟ್ಟಡದ ಒಬ್ಬ ಅಧ್ಯಾಪಕರು, ಹೊರದೇಶದ ಒಬ್ಬರು ಸಾಕು. ಎಂಜಿನಿಯರಿಂಗ್ ವಿಭಾಗಕ್ಕೆ ಈ ವಾರವೇ ಹೋಗಿ ಬನ್ನಿ. ಕೋರ್ಸ್ ನಡೆದ ಮೇಲೆ ವಿದ್ಯಾರ್ಥಿಗಳ ವರದಿಯನ್ನು ನಮಗೆ ಕಳಿಸಿ, ಎರಡೂ ದೇಶದವರದು. ಅದಕ್ಕೆ ಪುಟಗಳನ್ನು ತೆಗೆದಿಡುತ್ತೇವೆ.

ಸಂಪಾದಕ