ಚಿನ್ನುಗೆ ವಯಸ್ಸಾಯ್ತು ಅಂತ ಸುಮ್ಮನಿರಬೇಡಿ

ಪ್ರಶ್ನೆ: ಡಾಕ್ಟರ್ ಅವರಿಗೆ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನ ತೋಟದ ಮನೆ. ನಮ್ಮ ಲ್ಯಾಬ್ರಡಾರ್ ಚಿನ್ನುಗೆ ಈಗ 11 ವರ್ಷ, ತೂಕ 38 ಕೆಜಿ. ಮಳೆಗಾಲ ಶುರುವಾದಾಗಿನಿಂದ ಬೆಳಿಗ್ಗೆ ಏಳಲು ತುಂಬಾ ಕಷ್ಟಪಡುತ್ತಾಳೆ. ಹೊಸದಾಗಿ ಹಾಕಿಸಿದ ಟೈಲ್ಸ್ ಮೇಲೆ ಹಿಂಗಾಲು ಜಾರುತ್ತದೆ. ಜಗಲಿಯ ಮೆಟ್ಟಿಲ ಹತ್ತಿರ ಬಂದು ಸುಮ್ಮನೆ ನಿಂತುಬಿಡುತ್ತಾಳೆ. ಸ್ವಲ್ಪ ಓಡಾಡಿದ ಮೇಲೆ ಸಲೀಸಾಗುತ್ತಾಳೆ. ಕೂಗುವುದಿಲ್ಲ, ಊಟ ಚೆನ್ನಾಗಿ ಮಾಡುತ್ತಾಳೆ. ಹಾಗಾಗಿ ನೋವೇನೂ ಇರಲಿಕ್ಕಿಲ್ಲ, ವಯಸ್ಸಾಯ್ತು ಅಷ್ಟೇ ಅಂತ ಮನೆಯಲ್ಲಿ ಹೇಳುತ್ತಾರೆ. ನಮ್ಮ ಅತ್ತೆಯ ಮಂಡಿನೋವಿನ ಮಾತ್ರೆಯಲ್ಲಿ ಅರ್ಧ ಕೊಡಬಹುದಾ? ಮನೆಯಲ್ಲಿ ಮಾಂಸ, ಮೊಟ್ಟೆ ಮಾಡುವುದಿಲ್ಲ. ಅತ್ತೆ ದಿನಾ ಅವಳಿಗೆ ತುಪ್ಪದ ದೋಸೆ ಕೊಡುತ್ತಾರೆ.
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಮೊದಲು ಮಾತ್ರೆಯ ವಿಷಯ ಹೇಳಿಬಿಡುತ್ತೇನೆ. ಕೊಡಬೇಡಿ. ಅರ್ಧವೂ ಬೇಡ, ಕಾಲು ಭಾಗವೂ ಬೇಡ. ಮನುಷ್ಯರ ನೋವಿನ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿಗೂ ಪೆಟ್ಟು ಕೊಡುತ್ತವೆ. ಪ್ಯಾರಾಸಿಟಮಾಲ್ ಜಾಸ್ತಿಯಾದರೆ ಲಿವರ್ ಹಾಳಾಗುತ್ತದೆ. ಟಾರಿನಂತೆ ಕಪ್ಪಗೆ ಅಂಟಂಟಾಗಿ ಮಲ ಹೋಗುತ್ತಾ, ವಸಡು ಬಿಳಚಿಕೊಂಡು ನನ್ನ ಮೇಜಿನ ಮೇಲೆ ಮಲಗಿದ ನಾಯಿಗಳಲ್ಲಿ ಎಷ್ಟಕ್ಕೋ ಮನೆಯವರು ಪ್ರೀತಿಯಿಂದಲೇ ಮಾತ್ರೆ ಕೊಟ್ಟಿದ್ದರು. ನಿಮ್ಮದು ಕೊಟ್ಟಿಗೆ ಇರುವ ಮನೆ ಅಂತ ಕಾಣುತ್ತದೆ. ಹಸುವಿಗೆಂದು ತಂದ ಹಳೇ ನೋವಿನ ಇಂಜೆಕ್ಷನ್ ಎಲ್ಲಾದರೂ ಉಳಿದಿದ್ದರೆ ಅದನ್ನೂ ಮುಟ್ಟಬೇಡಿ. ಜಾನುವಾರುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧಿಸಿದ್ದಾರೆ. ಆ ಔಷಧ ಕೊಟ್ಟ ದನ ಸತ್ತು, ಅದರ ಮಾಂಸ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತಿದ್ದವು. ರಾಮನಗರದ ಬೆಟ್ಟದಲ್ಲಿ ಈಗ ಉಳಿದಿರುವ ಬೆರಳೆಣಿಕೆಯ ಹದ್ದುಗಳನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಇರಲಿ, ಚಿನ್ನು ವಿಷಯಕ್ಕೆ ಬರೋಣ.

ಚಿನ್ನುಗೆ ನೋವಿದೆ. ನಾಯಿಗೆ ನೋವಾದರೆ ಕೂಗುತ್ತದೆ ಅಂತ ನಾವು ಕಾಯುತ್ತೇವೆ. ಚಕ್ಕನೆ ಪೆಟ್ಟಾದರೆ ಕೂಗುತ್ತದೆ, ನಿಜ. ದಿನಾ ಇರುವ ನೋವಿಗೆ ಕೂಗುವುದಿಲ್ಲ, ತಾನು ಮಾಡುತ್ತಿದ್ದ ಕೆಲಸವನ್ನು ಒಂದೊಂದಾಗಿ ಬಿಡುತ್ತದೆ. ಗೇಟಿನ ತನಕ ಓಡಿ ಬರುತ್ತಿದ್ದದ್ದು ಜಗಲಿಯಲ್ಲೇ ಬಾಲ ಅಲ್ಲಾಡಿಸುತ್ತದೆ. ಮಂಡಿಯನ್ನೋ ಮಣಿಕಟ್ಟನ್ನೋ ನೆಕ್ಕುತ್ತಾ ಕೂರುತ್ತದೆ. ಮಕ್ಕಳು ಸೊಂಟದ ಹತ್ತಿರ ಕೈ ಇಟ್ಟರೆ ಗುರ್ ಅನ್ನುತ್ತದೆ. ಮಲಗಿ ಎದ್ದಾಗ ಬಿಗಿತ, ನಡೆದ ಮೇಲೆ ಸಲೀಸು ಅಂದರೆ ಬಹುಪಾಲು ಅದು ಕೀಲು ಸವೆತ. ಮೂಳೆಯ ತುದಿಗೆ ನುಣ್ಣಗೆ ಹಾಸಿದ ಕಾರ್ಟಿಲೇಜ್ ಸವೆಯುತ್ತದೆ, ಕೀಲಿನೊಳಗೆ ಉರಿಯೂತ ಬರುತ್ತದೆ, ನೋವಿಗೆ ನಾಯಿ ಕಾಲು ಕಡಿಮೆ ಬಳಸುತ್ತದೆ, ಬಳಸದ ಕಾಲಿನ ಮಾಂಸ ಕರಗುತ್ತದೆ, ಆಗ ಕೀಲಿಗೆ ಆಸರೆ ಇನ್ನೂ ಕಮ್ಮಿಯಾಗುತ್ತದೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಆದರೆ ನೋವು ಕಡಿಮೆ ಮಾಡಬಹುದು, ಕರಗಿದ ಮಾಂಸವನ್ನು ಸ್ವಲ್ಪ ಮಟ್ಟಿಗೆ ವಾಪಸು ತರಬಹುದು. ವಯಸ್ಸಾಯ್ತು ಅಂತ ಕೈಬಿಡುವ ಸ್ಥಿತಿ ಇದಲ್ಲ.

ಇವತ್ತೇ ಒಂದು ಕೆಲಸ ಮಾಡಿ. ಚಿನ್ನುವನ್ನು ನಿಲ್ಲಿಸಿ, ಹಿಂದೆ ಕೂತು ಎರಡೂ ತೊಡೆಯನ್ನು ಎರಡು ಕೈಯಲ್ಲಿ ಹಿಡಿದು ನೋಡಿ. ಒಂದು ತೊಡೆ ಸಣ್ಣಗಾಗಿ, ಮೆತ್ತಗೆ ಅನ್ನಿಸಿದರೆ ಆ ಕಾಲಿಗೇ ತೊಂದರೆ ಜಾಸ್ತಿ. ಆಮೇಲೆ ಹೊಟ್ಟೆ ಕೆಳಗೆ ಕೈ ಆಸರೆ ಕೊಟ್ಟು, ಒಂದು ಹಿಂದಿನ ಪಾದವನ್ನು ನಿಧಾನವಾಗಿ ಮಗುಚಿ, ಪಾದದ ಮೇಲ್ಭಾಗ ನೆಲಕ್ಕೆ ತಾಗುವ ಹಾಗೆ ಇಡಿ. ಆರೋಗ್ಯವಂತ ನಾಯಿ ತಕ್ಷಣ ಪಾದವನ್ನು ಸರಿಮಾಡಿಕೊಳ್ಳುತ್ತದೆ. ಹಾಗೇ ಬಿಟ್ಟು ನಿಂತರೆ ತೊಂದರೆ ಕೀಲಿನದ್ದಲ್ಲ, ಬೆನ್ನುಹುರಿಯದ್ದೋ ನರದ್ದೋ ಇರಬಹುದು. ಉಗುರು ನೆಲಕ್ಕೆ ಉಜ್ಜಿ ಸವೆದಿದ್ದರೂ ಅದೇ ಅನುಮಾನ. ಆಗ ಮುಂದಿನದ್ದನ್ನು ಓದುತ್ತಾ ಕೂರದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಈಗ ತೂಕ. 38 ಕೆಜಿ ಹೆಣ್ಣು ಲ್ಯಾಬ್ರಡಾರ್‌ಗೆ ತುಂಬಾ ಜಾಸ್ತಿ. 30ರ ಆಸುಪಾಸಿಗೆ ಬರಬೇಕು. ಪಕ್ಕೆಯ ಮೇಲೆ ಅಂಗೈ ಸವರಿದರೆ, ಒತ್ತದೆಯೇ ಎಲುಬು ಕೈಗೆ ಸಿಗಬೇಕು. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಔಷಧಕ್ಕಿಂತ ಮೊದಲು ತೂಕದ ಮಾತು ಎತ್ತುವುದಕ್ಕೆ ಕಾರಣ ಇದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿಯಾಗಿ ಸಾಕಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ ಕೊಟ್ಟು, ಬದುಕಿನುದ್ದಕ್ಕೂ ಗಮನಿಸಿದರು. ಕಡಿಮೆ ತಿಂದವುಗಳಿಗೆ ಕೀಲು ಸವೆತ ತಡವಾಗಿ ಬಂತು. ಅವು ಸುಮಾರು 13 ವರ್ಷ ಬದುಕಿದವು, ಜೊತೆಯವು 11 ವರ್ಷದ ಸುಮಾರಿಗೇ ಹೋದವು. 2002ರಲ್ಲಿ ಈ ಫಲಿತಾಂಶ ಬಂದಮೇಲೆ ನಾನು ದಪ್ಪ ನಾಯಿಯ ಮನೆಯವರಿಗೆ ಮುಲಾಜಿಲ್ಲದೆ ಹೇಳಲು ಶುರುಮಾಡಿದೆ. ಈಗಾಗಲೇ ಕುಂಟುವ ನಾಯಿಯಲ್ಲೂ, ತೂಕ ನೂರಕ್ಕೆ ಆರೇಳು ಭಾಗ ಇಳಿದರೆ ಸಾಕು, ಕುಂಟು ಕಡಿಮೆಯಾಗುತ್ತದೆ. ಚಿನ್ನು ಲೆಕ್ಕದಲ್ಲಿ ಅದು ಎರಡೂವರೆ ಕೆಜಿ.

ಚಿನ್ನುಗೆ ದೋಸೆ ಕೊಡಬೇಡಿ ಅಂತ ನಿಮ್ಮ ಅತ್ತೆಗೆ ನಾನು ಹೇಳುವುದಿಲ್ಲ. ಅವರ ಕೈಯಿಂದ ತಿನ್ನುವುದು ಇಬ್ಬರಿಗೂ ಸಂತೋಷದ ವಿಷಯ, ಅಲ್ವಾ? ಆದರೆ ತುಪ್ಪವಿಲ್ಲದ ಬೆರಳಗಲದ ಚೂರು ಸಾಕು. ಅದರ ಜೊತೆ ಸೌತೆಕಾಯಿ, ಉಪ್ಪಿಲ್ಲದೆ ಬೇಯಿಸಿದ ಬೀನ್ಸ್, ಸಿಹಿಗುಂಬಳ ಧಾರಾಳವಾಗಿ ಕೊಡಲಿ. ಪಲ್ಯದಿಂದ ಎತ್ತಿ ಕೊಡಬೇಡಿ, ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಕೆಡುಕು. ಮನೆಯಲ್ಲಿ ಮಾಂಸ ಮೊಟ್ಟೆ ಇಲ್ಲದಿರುವುದರಿಂದ, ಅನ್ನ ಮೊಸರಿನ ಮೇಲೆ ನಡೆಸುವ ಬದಲು ವಯಸ್ಸಾದ ನಾಯಿಗಳಿಗೆಂದು ಬರುವ ಒಣ ಆಹಾರವನ್ನೇ ಕೊಡಿ. ಅನ್ನ ಕಡಿಮೆ ಮಾಡಿದರೆ ತೂಕವೇನೋ ಇಳಿಯುತ್ತದೆ, ಪ್ರೋಟೀನ್ ಸಾಲದೆ ತೊಡೆಯ ಮಾಂಸವೂ ಇಳಿಯುತ್ತದೆ. ಕಣ್ಣಳತೆ ಬೇಡ, ದಿನದ ಪಾಲನ್ನು ಬೆಳಿಗ್ಗೆಯೇ ತೂಗಿ ಡಬ್ಬಿಯಲ್ಲಿ ಹಾಕಿಡಿ. ಮನೆಯಲ್ಲಿ ಯಾರು ಕೊಟ್ಟರೂ ಅದರಿಂದಲೇ ಕೊಡಲಿ. ತಿಂಗಳಿಗೆ ಒಂದು, ಒಂದೂವರೆ ಕೆಜಿ ಇಳಿದರೆ ಚೆನ್ನ. ಅಡಿಕೆ ತೂಗುವ ಕಾಟಾ ನಿಮ್ಮ ಮನೆಯಲ್ಲೇ ಇರುತ್ತದಲ್ಲ, ಹದಿನೈದು ದಿನಕ್ಕೊಮ್ಮೆ ಅದರ ಮೇಲೆ ನಿಲ್ಲಿಸಿ ಬರೆದಿಡಿ.

ಇನ್ನು ನೆಲ. ನನ್ನ ಕೇಳಿದರೆ ಟೈಲ್ಸ್ ವಯಸ್ಸಾದ ನಾಯಿಯ ದೊಡ್ಡ ಶತ್ರು. ಜಾರುವ ಭಯಕ್ಕೇ ಅದು ಮೈಯೆಲ್ಲ ಬಿಗಿಹಿಡಿದು ನಡೆಯುತ್ತದೆ. ಹಿಂಗಾಲು ಜಾರಿ ಅಗಲವಾದಾಗಲೆಲ್ಲ ಸೊಂಟದ ಕೀಲಿಗೆ ಹೊಸ ಪೆಟ್ಟು. ದುಬಾರಿ ಕಾರ್ಪೆಟ್ ಬೇಕಿಲ್ಲ. ಕೊಟ್ಟಿಗೆಯಲ್ಲಿ ಹಸುವಿನ ಕೆಳಗೆ ಹಾಸುವ ರಬ್ಬರ್ ಮ್ಯಾಟ್ ಇದೆಯಲ್ಲ, ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಭಾರ ಇರುವುದರಿಂದ ಸರಿದಾಡುವುದಿಲ್ಲ, ತೊಳೆಯಬಹುದು. ಅವಳು ಮಲಗುವ ಜಾಗದಿಂದ ನೀರಿನ ಪಾತ್ರೆಗೆ, ಅಲ್ಲಿಂದ ಬಾಗಿಲಿಗೆ ಒಂದು ದಾರಿಯ ಹಾಗೆ ಹಾಸಿ. ಉಗುರು ಟಕಟಕ ಸದ್ದು ಮಾಡುತ್ತಿದ್ದರೆ ಕತ್ತರಿಸಿ, ಉದ್ದ ಉಗುರಿನಿಂದ ಪಾದ ಊರುವ ರೀತಿಯೇ ಬದಲಾಗುತ್ತದೆ. ಅಂಗಾಲಿನ ಬೆರಳ ಸಂದಿಯ ಕೂದಲನ್ನೂ ಕತ್ತರಿಸಿದರೆ ಹಿಡಿತ ಸಿಗುತ್ತದೆ.

ಮೆಟ್ಟಿಲಿಗೆ ಅಡಿಕೆ ದಬ್ಬೆ ಜೋಡಿಸಿ ಇಳಿಜಾರು ಮಾಡಿಕೊಡಿ. ಮೇಲೆ ಗೋಣಿತಾಟು ಬಿಗಿಯಾಗಿ ಹೊಡೆಯಿರಿ, ಮೊಳೆಯ ತಲೆ ಮೇಲೆ ಬರದಿರಲಿ. ಒಂದು ಅಡಿ ಎತ್ತರಕ್ಕೆ ನಾಲ್ಕು ಅಡಿಯಾದರೂ ಉದ್ದ ಇದ್ದರೆ ಅವಳು ಹೆದರದೆ ಹತ್ತುತ್ತಾಳೆ. ಮಲೆನಾಡಿನ ಮಳೆಗಾಲದಲ್ಲಿ ನೆಲ ಬೆವರುತ್ತದೆ. ಬರೀ ಗೋಣಿಚೀಲದ ಮೇಲೆ ಮಲಗಿಸಿದರೆ ಬೆಳಗಾಗುವಷ್ಟರಲ್ಲಿ ಅದೂ ತಣ್ಣಗೆ ಒದ್ದೆ. ಹಳೇ ಮಂಚವೋ ಹಲಗೆಯೋ ನಾಲ್ಕು ಬೆರಳು ಎತ್ತರದಲ್ಲಿಟ್ಟು, ಮೇಲೆ ನಾಲ್ಕು ಇಂಚಿನ ಫೋಮ್, ಅದರ ಮೇಲೆ ಒಗೆಯಲು ಬರುವ ಬಟ್ಟೆ ಹಾಸಿ. ಅಷ್ಟು ಎತ್ತರ ಹತ್ತಲೂ ಕಷ್ಟವಾದರೆ ಮುಂದೆ ಒಂದು ಮ್ಯಾಟ್ ಮಡಿಸಿಡಿ.

ಬೆಳಿಗ್ಗೆ ಎಬ್ಬಿಸುವ ಮುಂಚೆ ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ ಸೊಂಟಕ್ಕೂ ಮಂಡಿಗೂ ಹತ್ತು ನಿಮಿಷ ಶಾಖ ಕೊಡಿ. ಮೊದಲು ನಿಮ್ಮ ಮುಂಗೈ ಒಳಭಾಗಕ್ಕೆ ಒತ್ತಿ ನೋಡಿ, ನಿಮಗೆ ಹಿತ ಅನ್ನಿಸಬೇಕು. ಕೀಲು ಊದಿಕೊಂಡು ಬಿಸಿಯಾಗಿದ್ದರೆ ಶಾಖ ಬೇಡ. ನೋವಿನ ಮುಲಾಮು, ಕರ್ಪೂರ ಹಾಕಿದ ತೈಲ ಹಚ್ಚಬೇಡಿ. ನಾಯಿ ಅದನ್ನು ನೆಕ್ಕುತ್ತದೆ, ಅದು ವಿಷ.

ನಡಿಗೆ ನಿಲ್ಲಿಸಬೇಡಿ. ಹತ್ತು ಹತ್ತು ನಿಮಿಷ ದಿನಕ್ಕೆ ಮೂರು ಸಲ, ಹಗ್ಗ ಕಟ್ಟಿಕೊಂಡು, ಸಮತಟ್ಟಾದ ಮಣ್ಣಿನ ಮೇಲೆ. ವಾರವಿಡೀ ಮಲಗಿದ್ದು ಭಾನುವಾರ ಗುಡ್ಡ ಹತ್ತಿಸಿದರೆ ಸೋಮವಾರ ಏಳುವುದಿಲ್ಲ. ಚೆಂಡೆಸೆದು ಓಡಿಸುವುದು ಇನ್ನು ಮುಗಿಯಿತು.

ಇಷ್ಟೆಲ್ಲ ಮಾಡುತ್ತಲೇ ಡಾಕ್ಟರಿಗೂ ತೋರಿಸಿ. ಬೆಳಿಗ್ಗೆ ಅವಳು ಏಳುವುದನ್ನು, ಮೆಟ್ಟಿಲ ಮುಂದೆ ನಿಲ್ಲುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. ಆಸ್ಪತ್ರೆಯಲ್ಲಿ ಗಾಬರಿಗೆ ಎಲ್ಲ ನಾಯಿಗಳೂ ಚೆನ್ನಾಗಿಯೇ ನಡೆಯುತ್ತವೆ. ಎಕ್ಸ್‌ರೇ ಬೇಕೆಂದರೆ ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ನಾಯಿಗೆ ಹೊಂದುವ ಮೆಲಾಕ್ಸಿಕಾಮ್, ಕಾರ್ಪ್ರೊಫೆನ್‌ನಂಥ ನೋವಿನ ಔಷಧಗಳಿವೆ. ಶುರುಮಾಡುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ ಲಿವರ್, ಕಿಡ್ನಿ ನೋಡಬೇಕು. ಊಟದ ಜೊತೆ ಕೊಡಬೇಕು. ಚರ್ಮದ ಕಾಯಿಲೆಗೋ ಇನ್ನೇನಕ್ಕೋ ಸ್ಟೀರಾಯ್ಡ್ ತಗೊಳ್ಳುತ್ತಿದ್ದರೆ ತಪ್ಪದೆ ಹೇಳಿ, ಎರಡೂ ಒಟ್ಟಿಗೆ ಆಗಬಾರದು. ವಾಂತಿ, ಊಟ ಬಿಡುವುದು, ಕಪ್ಪು ಮಲ ಕಂಡರೆ ಅವತ್ತೇ ನಿಲ್ಲಿಸಿ ಫೋನ್ ಮಾಡಿ. ಎರಡು ವಾರ ಔಷಧ ಕೊಟ್ಟಾಗ ಚಿನ್ನು ತಾನಾಗಿ ಗೇಟಿನ ತನಕ ಬಂದರೆ, ಇಷ್ಟು ದಿನ ಅವಳನ್ನು ಹಿಡಿದು ಕೂರಿಸಿದ್ದು ನೋವೇ ಅಂತ ಮನೆಯವರಿಗೂ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ಬೀದಿಯಿಂದ ತಂದ ನಾಯಿಗೆ 8 ವರ್ಷ. ಮೊನ್ನೆವರೆಗೂ ಚೆನ್ನಾಗಿತ್ತು. ಈಗ ನಾಲ್ಕೂ ಕಾಲು ಬಿಗಿಯಾಗಿ ಮರದ ಕಾಲಿನ ಹಾಗೆ ನಡೆಯುತ್ತೆ, ಊಟ ಬಿಟ್ಟಿದೆ. ವಯಸ್ಸಿನ ಕೀಲುನೋವಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅಲ್ಲ ಅನ್ನಿಸುತ್ತದೆ. ಕೀಲು ಸವೆತ ರಾತ್ರೋರಾತ್ರಿ ನಾಲ್ಕೂ ಕಾಲಿಗೆ ಬರುವುದಿಲ್ಲ, ಊಟ ಬಿಡಿಸುವುದೂ ಅಪರೂಪ. ನಮ್ಮಲ್ಲಿ ಹೀಗೆ ಬಂದರೆ ನಾನು ಮೊದಲು ಅನುಮಾನಪಡುವುದು ಟಿಕ್ ಫೀವರ್. ಉಣ್ಣೆ ಕಚ್ಚಿ ಎರ್ಲಿಕಿಯಾ ಎಂಬ ರೋಗಾಣು ರಕ್ತಕ್ಕೆ ಸೇರಿದರೆ ಜ್ವರದ ಜೊತೆ ಕೀಲುಗಳೂ ಊದಿ ನೋಯುತ್ತವೆ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣೆ ಇದೆಯಾ ನೋಡಿ. ಸಿಗದಿದ್ದರೂ ರೋಗ ಇಲ್ಲ ಅಂತ ಅಲ್ಲ, ಕಚ್ಚಿ ಉದುರಿಹೋಗಿರಬಹುದು. ತುಟಿ ಎತ್ತಿ ವಸಡು ನೋಡಿ. ಬಿಳಚಿಕೊಂಡಿದ್ದರೆ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ ಇದ್ದರೆ, ಮೂಗಿನಲ್ಲಿ ರಕ್ತ ಬಂದರೆ ನಾಳೆಯವರೆಗೆ ಕಾಯಬೇಡಿ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎಷ್ಟಿದೆ ಅಂತ ಕೇಳಿ. ಹೊತ್ತಿಗೆ ಸರಿಯಾಗಿ ಹಿಡಿದರೆ ಡಾಕ್ಸಿಸೈಕ್ಲಿನ್‌ಗೆ ಇದು ಚೆನ್ನಾಗಿ ಬಗ್ಗುತ್ತದೆ. ಮೂರ್ನಾಲ್ಕು ದಿನಕ್ಕೇ ಚುರುಕಾಯಿತು ಅಂತ ಔಷಧ ಬಿಡಬೇಡಿ, ಡಾಕ್ಟರು ಬರೆದಷ್ಟು ವಾರ ಪೂರ್ತಿ ಕೊಡಿ.

ಪ್ರಶ್ನೆ: ಕೀಲಿಗೆ ಮೀನೆಣ್ಣೆ ಒಳ್ಳೆಯದಂತೆ. ನಮ್ಮಲ್ಲಿ ಬೂತಾಯಿ ಮೀನು ದಿನಾ ಸಿಗುತ್ತೆ. ಅದನ್ನೇ ಕೊಡಬಹುದಾ? ಗ್ಲುಕೋಸಮಿನ್ ಪುಡಿಯೂ ಬೇಕಾ?
– ಓದುಗರೊಬ್ಬರು, ಉಳ್ಳಾಲ

ಉತ್ತರ: ಧಾರಾಳವಾಗಿ. ಬೂತಾಯಿಯಲ್ಲಿ ಒಮೆಗಾ-3 ಎಂಬ ಒಳ್ಳೆಯ ಕೊಬ್ಬಿನಂಶ ಚೆನ್ನಾಗಿದೆ, ಕೀಲಿನ ಉರಿಯೂತಕ್ಕೆ ಅದು ಕೆಲಸ ಮಾಡುತ್ತದೆ. ಉಪ್ಪು, ಖಾರ, ಹುಳಿ ಏನೂ ಹಾಕದೆ ಬೇಯಿಸಿ, ನಡುಮುಳ್ಳು ತೆಗೆದು, ಆ ಹೊತ್ತಿನ ಊಟದಲ್ಲಿ ಅಷ್ಟು ಕಡಿಮೆ ಮಾಡಿ ಕೊಡಿ. ಒಣಮೀನು ಬೇಡ, ಉಪ್ಪು ಜಾಸ್ತಿ. ಕ್ಯಾಪ್ಸೂಲ್ ತರುವುದಾದರೆ ಫಿಶ್ ಆಯಿಲ್ ಅಂತ ಕೇಳಿ. ಕಾಡ್ ಲಿವರ್ ಆಯಿಲ್ ಬೇರೆ, ಅದನ್ನು ತಿಂಗಳುಗಟ್ಟಲೆ ಕೊಟ್ಟರೆ ವಿಟಮಿನ್ ಎ ಮತ್ತು ಡಿ ಮೈಯಲ್ಲಿ ಜಾಸ್ತಿಯಾಗುತ್ತದೆ. ಮೀನು ಮುಟ್ಟದ ಮನೆಯವರು ಅಗಸೆ ಎಣ್ಣೆ ಕೊಡಬಹುದಾ ಅಂತ ಕೇಳುತ್ತಾರೆ. ಅದರಲ್ಲಿರುವ ಒಮೆಗಾ-3 ಬೇರೆ ರೂಪದ್ದು, ನಾಯಿಯ ಮೈ ಅದನ್ನು ಬೇಕಾದ ರೂಪಕ್ಕೆ ಬದಲಾಯಿಸುವುದು ತೀರಾ ಕಡಿಮೆ, ಹಾಗಾಗಿ ನಾನು ಮೀನೆಣ್ಣೆಯನ್ನೇ ಹೇಳುತ್ತೇನೆ. ಗ್ಲುಕೋಸಮಿನ್‌ನಿಂದ ಕೆಡುಕೇನೂ ಇಲ್ಲ, ಆದರೆ ಅದರಿಂದ ಗುಣ ಕಂಡಿತು ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಕೈಯಲ್ಲಿ ದುಡ್ಡು ಅಳತೆಯಷ್ಟೇ ಇದ್ದರೆ ಅದನ್ನು ರಬ್ಬರ್ ಮ್ಯಾಟಿಗೂ ರಕ್ತ ಪರೀಕ್ಷೆಗೂ ಹಾಕಿ.