ವೆರ್ಪಾಕೊವ್ಸ್ಕಿಸ್ ಗೋಲುಗಳ ಲೆಕ್ಕ ಯಾಕೆ ತಾಳೆಯಾಗುತ್ತಿಲ್ಲ

2004ರ ಯೂರೋದಲ್ಲಿ (ಯುರೋಪಿನ ದೇಶಗಳ ಫುಟ್‌ಬಾಲ್ ಟೂರ್ನಿ) ಲಾಟ್ವಿಯಾ ತಂಡದ ಮಾರಿಸ್ ವೆರ್ಪಾಕೊವ್ಸ್ಕಿಸ್ ಹೊಡೆದದ್ದು ಒಂದು ಪಟ್ಟಿಯಲ್ಲಿ ಒಂದೇ ಗೋಲು, ಇನ್ನೊಂದರಲ್ಲಿ ಜಾಸ್ತಿ ಅಂದಿರಲ್ಲ, ಬಹುಶಃ ಅರ್ಹತಾ ಪಂದ್ಯಗಳೂ ಸೇರಿಕೊಂಡಿವೆ. ನೀವು ನೋಡಿದ ಪಟ್ಟಿ ಯಾವುದು ಅಂತ ಬರೆದಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ.

ಮೊದಲು ಪೋರ್ಚುಗಲ್‌ನಲ್ಲಿ ನಡೆದ ಯೂರೋದ ಮೂರು ಪಂದ್ಯಗಳನ್ನು ಬೇರೆ ಇಡಿ. ಲಾಟ್ವಿಯಾ ಜೆಕ್ ತಂಡಕ್ಕೆ 2-1ರಿಂದ ಸೋತಿತು, ಜರ್ಮನಿ ಜೊತೆ 0-0, ನೆದರ್ಲೆಂಡ್ಸ್‌ಗೆ 3-0ರಿಂದ ಸೋಲು. ಜೆಕ್ ವಿರುದ್ಧದ ಆ ಒಂದು ಗೋಲು ವೆರ್ಪಾಕೊವ್ಸ್ಕಿಸ್ ಅವರದೇ.

ಆಮೇಲೆ 2003ರ ಅರ್ಹತಾ ಪಂದ್ಯಗಳನ್ನು ಲೆಕ್ಕದಿಂದ ಹೊರಗಿಡಿ. ಅಕ್ಟೋಬರ್‌ನಲ್ಲಿ ಸ್ವೀಡನ್ ನೆಲದಲ್ಲೇ 1-0 ಗೆಲುವಿನ ಗೋಲು ಇವರದು. ನವೆಂಬರ್‌ನ ಪ್ಲೇ-ಆಫ್‌ನಲ್ಲಿ (ಅರ್ಹತೆ ತೀರ್ಮಾನಿಸುವ ಎರಡು ಪಂದ್ಯ) ಎದುರಾಳಿ ಟರ್ಕಿ, ಹಿಂದಿನ ವರ್ಷವಷ್ಟೇ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದಿದ್ದ ತಂಡ. ಲಾಟ್ವಿಯಾದ ರೀಗಾದಲ್ಲಿ 1-0 ಗೆಲುವು, ಗೋಲು ಇವರದೇ. ಇಸ್ತಾಂಬುಲ್‌ನಲ್ಲಿ 2-0 ಹಿಂದೆ ಬಿದ್ದಾಗ ಮೊದಲು ಸಹ ಆಟಗಾರ ಲೈಜಾನ್ಸ್, ಆಮೇಲೆ ಇವರು ಹೊಡೆದು 2-2 ಆಯಿತು, ಲಾಟ್ವಿಯಾ ಮೊದಲ ಸಲ ಯೂರೋಗೆ ಹೋಯಿತು. ನನಗಂತೂ ಅವರ ಇಡೀ ಆಟದ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಗೋಲು ಇಲ್ಲ. ಇವು ಯಾವುವೂ ಯೂರೋ ಲೆಕ್ಕಕ್ಕೆ ಬರುವುದಿಲ್ಲ.

ಪಟ್ಟಿಯಲ್ಲಿ ಒಂದೇ ವರ್ಷಕ್ಕೆ ಇವರಿಗೆ ಎರಡು ಕ್ಲಬ್ ಕಾಣುತ್ತಿದ್ದರೆ ಅದು ತಪ್ಪಲ್ಲ. ಡೈನಮೋ ಕೀವ್ ಕ್ಲಬ್‌ನಲ್ಲಿದ್ದಾಗಲೇ ಗೆಟಾಫೆ, ಹಾಯ್ಡುಕ್ ಸ್ಪ್ಲಿಟ್ ಕ್ಲಬ್‌ಗಳಿಗೆ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲದ ಎರವಲಾಗಿ, ಹೋಗಿದ್ದರು.

ಕೊನೆಗೆ ದೇಶದ ಗೋಲುಗಳನ್ನು ಮಾತ್ರ ಕೂಡಿ ನೋಡಿ, 104 ಪಂದ್ಯಕ್ಕೆ 29 ಬರಬೇಕು. ಅದಕ್ಕಿಂತ ಜಾಸ್ತಿ ಬಂದರೆ ಕ್ಲಬ್ ಗೋಲು ಸೇರಿಕೊಂಡಿದೆ, ಆ ಸಾಲುಗಳನ್ನು ಇಲ್ಲಿ ಹಾಕಿ, ನೋಡೋಣ.